ಲಿನಕ್ಸ್ ಹಾಕಿದ ಲ್ಯಾಪ್‌ಟಾಪು ಮೂಕವಾದರೆ



ಗದ್ದೆಗೆ ನೀರು ಬಾರದಿದ್ದರೆ ನೀವು ಏನು ಮಾಡುತ್ತೀರಿ? ಕೂಡಲೆ ಹೊಸ ಬಾವಿ ತೋಡಿಸಲು ಹೊರಡುವುದಿಲ್ಲ. ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆಯುತ್ತೀರಿ. ಮೊದಲು ನಿಮ್ಮ ಗದ್ದೆಯ ಬಾಯಿ, ಆಮೇಲೆ ಚಿಕ್ಕ ಕಾಲುವೆ, ಆಮೇಲೆ ದೊಡ್ಡ ಕಾಲುವೆ, ಕೊನೆಗೆ ಕೆರೆಯ ತೂಬು. ಎಲ್ಲಿಯೋ ಒಂದು ಕಡೆ ನಾಲ್ಕು ಹಿಡಿ ಮಣ್ಣು ಅಡ್ಡ ಬಿದ್ದಿರುತ್ತದೆ, ಇಲ್ಲವೆ ನೀರುಗಂಟಿ ನೀರನ್ನು ಪಕ್ಕದವರ ಗದ್ದೆಗೆ ತಿರುಗಿಸಿರುತ್ತಾನೆ. ಲ್ಯಾಪ್‌ಟಾಪಿನಲ್ಲಿ ಶಬ್ದ ನಿಂತಾಗಲೂ ಮಾಡತಕ್ಕ ಕೆಲಸ ಇದೇ. ಈ ಪಾಠದಲ್ಲಿ ಆ ಬದುವಿನ ಮೇಲೆ ನಿಮ್ಮ ಜೊತೆಗೆ ನಡೆಯುತ್ತೇನೆ.

ಕೆಲವು ದಿನಗಳ ಹಿಂದೆ ಪಕ್ಕದ ಹಳ್ಳಿಯ ರೈತರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. “ಮಾತು ನಿಂತುಹೋಗಿದೆ ಸ್ವಾಮಿ, ಚಿತ್ರ ಮಾತ್ರ ಓಡುತ್ತದೆ” ಎಂದರು. ಅವರ ಮಗಳು ಎರಡನೆಯ ಪಿಯುಸಿ ಓದುತ್ತಾಳೆ. ಸಂಜೆಯ ಹೊತ್ತು ಗಣಿತದ ಪಾಠವನ್ನು ಅದರಲ್ಲಿಯೇ ಕೇಳುತ್ತಿದ್ದಳು. ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, “ಲಿನಕ್ಸ್ ಹಾಕಿದ್ದೀರಲ್ಲ, ಅದಕ್ಕೇ ಹೀಗಾಗಿದೆ, ಒಳಗಿನ ಬೋರ್ಡನ್ನೇ ಬದಲಾಯಿಸಬೇಕು, ಆರು ಸಾವಿರ ಆಗುತ್ತದೆ” ಎಂದು ಹೇಳಿದರಂತೆ. ಮನೆಯಲ್ಲಿ ಎರಡು ಕುರಿಗಳನ್ನು ಮಾರುವ ಮಾತು ಆಗಿಹೋಗಿತ್ತು. ಆ ಕುರಿಗಳು ಈಗಲೂ ಅವರ ಕೊಟ್ಟಿಗೆಯಲ್ಲಿಯೇ ಇವೆ. ಏನಾಗಿತ್ತೆಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಮೊದಲು ಲಿನಕ್ಸಿನ ವಿಷಯವಾಗಿ ಎರಡು ಮಾತು. ಲ್ಯಾಪ್‌ಟಾಪು ಎಂಬ ಯಂತ್ರವನ್ನು ನಡೆಸಲು ಒಳಗೆ ಒಂದು ಮೂಲ ತಂತ್ರಾಂಶ ಬೇಕು. ಬಹಳ ಯಂತ್ರಗಳಲ್ಲಿ ಇರುವುದು ವಿಂಡೋಸ್. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತುಹೋಯಿತು. ಅದರ ಮುಂದಿನದಾದ ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಆದಕಾರಣ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ಮೂಲೆ ಸೇರುವಂತಾಯಿತು. ಅಂಥವಕ್ಕೆ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯ ಉಪಾಯ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಪ್ರಾರಂಭ ಮಾಡಿದ ಈ ಕೆಲಸವನ್ನು ಇಂದು ಲೋಕದ ಸಾವಿರಾರು ಜನ ಸೇರಿ ನಡೆಸುತ್ತಿದ್ದಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ನೆರೆಯವರಿಗೆ ಪ್ರತಿ ಮಾಡಿಕೊಟ್ಟರೆ ತಪ್ಪೂ ಅಲ್ಲ. ನಾಟಿ ಬೀಜವನ್ನು ಸೇರು ಪಾವು ಹಂಚಿಕೊಂಡ ಹಾಗೆ. ಲಿನಕ್ಸಿನಲ್ಲಿ ಅನೇಕ ತಳಿಗಳುಂಟು. ಹೊಸಬರಿಗೆ ಅನುಕೂಲವಾದದ್ದು ಲಿನಕ್ಸ್ ಮಿಂಟ್ ಎಂದು ನನ್ನ ಅಭಿಪ್ರಾಯ. 4 ಜಿಬಿ ಮೆಮೊರಿ ಇರುವ ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ಮುಂದೆ ಹೇಳುವುದೆಲ್ಲ ಮಿಂಟನ್ನು ಎದುರಿಗಿಟ್ಟುಕೊಂಡು ಹೇಳಿದ್ದು. ಉಬುಂಟು ಹಾಕಿದವರಿಗೂ ಹೆಚ್ಚು ಕಡಿಮೆ ಇದೇ ಸರಿಹೋಗುವುದು.

ಇನ್ನೂ ಹಾಕಿಸದೆ ಇರುವವರಿಗೆ ಒಂದು ಸೂಚನೆ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ನೋಡುವುದಿಲ್ಲವೆ? ಮಿಂಟನ್ನೂ ಹಾಗೆ ನೋಡಬಹುದು. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರಿಂದಲೇ ಯಂತ್ರವನ್ನು ಚಾಲೂ ಮಾಡಿದರೆ, ಒಳಗಿನ ಡಿಸ್ಕನ್ನು ಮುಟ್ಟದೆ ಲಿನಕ್ಸ್ ನಡೆಯುತ್ತದೆ. ಆಗಲೇ ಒಂದು ಹಾಡು ಹಾಕಿ ಕೇಳಿರಿ. ಮೈಕು, ಕ್ಯಾಮೆರಾ, ವೈಫೈಗಳನ್ನೂ ನೋಡಿರಿ. ಎಲ್ಲ ಸರಿಯಾಗಿದ್ದರೆ ಆಮೇಲೆ ಹಾಕಿಸಿಕೊಳ್ಳಬಹುದು. ಈ ಪೆನ್‌ಡ್ರೈವನ್ನು ಎಸೆಯಬೇಡಿರಿ. ಮುಂದೆ ಪರೀಕ್ಷೆಗೆ ಬೇಕಾಗುವುದು.

ಶಬ್ದ ಬರುವ ದಾರಿ

ಪಾಠದ ಚಿತ್ರವನ್ನು ನೀವು ಬ್ರೌಸರಿನಲ್ಲಿ ನೋಡುತ್ತೀರಿ. ಶಬ್ದದ ಕೆರೆ ಅದೇ. ಅಲ್ಲಿಂದ ಶಬ್ದ ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ನಡುವೆ ಒಬ್ಬ ನೀರುಗಂಟಿ ಇದ್ದಾನೆ. ಅವನ ಹೆಸರು ಪೈಪ್‌ವೈರ್. ಯಾವ ಕಾರ್ಯಕ್ರಮದ ಶಬ್ದ ಯಾವ ಕಡೆಗೆ, ಎಷ್ಟು ಹರಿಯಬೇಕೆಂದು ನಿರ್ಣಯ ಮಾಡುವವನು ಅವನೇ. 2024ರಲ್ಲಿ ಬಂದ ಮಿಂಟ್ 22ರಿಂದ ಈಚೆಗೆ ಪೈಪ್‌ವೈರ್ ಇದ್ದಾನೆ. ಅದಕ್ಕಿಂತ ಮುಂಚಿನ ಮಿಂಟಿನಲ್ಲಿ ಪಲ್ಸ್‌ಆಡಿಯೋ ಎಂಬ ಹಳೆಯ ನೀರುಗಂಟಿ. ಇಬ್ಬರ ಕೆಲಸವೂ ಒಂದೇ. ಅವರ ಕೆಳಗೆ ಆಲ್ಸಾ ಎಂಬ ಕಾಲುವೆ ಲಿನಕ್ಸಿನ ಗರ್ಭದಲ್ಲಿಯೇ ಉಂಟು. ಆ ಕಾಲುವೆಯ ಕೊನೆಯಲ್ಲಿ ಶಬ್ದದ ಚಿಪ್ಪು, ಅದರಿಂದ ಮುಂದೆ ಸ್ಪೀಕರು. ಈ ಐದರಲ್ಲಿ ಎಲ್ಲಿ ತಡೆಯಾದರೂ ನಿಮಗೆ ಕಾಣುವುದು ಒಂದೇ: ಮೌನ. ಅದಕ್ಕಾಗಿಯೇ ಗೊತ್ತಿಲ್ಲದವರು ಕಂಡಕೂಡಲೆ ಬೋರ್ಡು ಹೋಗಿದೆ ಎಂದುಬಿಡುವುದು.

ಸ್ಪೀಕರಿನ ಕಡೆಯಿಂದ ಹೊರಡೋಣ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಗೀಟು ಎಳೆದ ಸ್ಪೀಕರಿನ ಚಿತ್ರವಿರುವ ಒಂದು ಗುಂಡಿ ಇರುತ್ತದೆ. ಮಕ್ಕಳ ಕೈ ತಗಲಿ ಅದು ಒತ್ತಿಹೋಗಿರಬಹುದು. ಎಷ್ಟೋ ಗುಂಡಿಗಳಲ್ಲಿ ಸಣ್ಣ ದೀಪವೂ ಇದ್ದು, ಅದು ಉರಿಯುತ್ತಿದ್ದರೆ ಬಾಯಿ ಮುಚ್ಚಿದೆಯೆಂದು ಅರ್ಥ. ಕೆಲವು ಯಂತ್ರಗಳಲ್ಲಿ ಎಫ್ಎನ್ ಎಂಬ ಗುಂಡಿಯನ್ನು ಹಿಡಿದುಕೊಂಡು ಅದನ್ನು ಒತ್ತಬೇಕು. ಪರದೆಯ ಕೆಳಗೆ ಬಲಮೂಲೆಯ ಸ್ಪೀಕರಿನ ಚಿತ್ರವನ್ನು ನೋಡಿದರೂ ಇದು ತಿಳಿಯುವುದು.

ಆಮೇಲೆ ಇಯರ್‌ಫೋನ್ ಸಿಕ್ಕಿಸುವ ತೂತು. ಇದನ್ನು ಬಹಳ ಜನ ಅಲಕ್ಷ್ಯ ಮಾಡುತ್ತಾರೆ. ಇಯರ್‌ಫೋನ್ ಸಿಕ್ಕಿಸಿದಾಗ ಸ್ಪೀಕರು ತಾನಾಗಿ ನಿಲ್ಲುವಂತೆ ಆ ತೂತಿನ ಒಳಗೆ ಒಂದು ಸೂಕ್ಷ್ಮವಾದ ತಗಡು ಇರುತ್ತದೆ. ರಾಗಿಯ ಹೊಟ್ಟು, ಕಣದ ಧೂಳು, ಹತ್ತಿಯ ಎಳೆ ಒಳಗೆ ಸೇರಿದರೆ ಆ ತಗಡು ಅದುಮಿಕೊಂಡು, ಇಯರ್‌ಫೋನ್ ಇದೆಯೆಂದೇ ಯಂತ್ರ ನಂಬಿಬಿಡುತ್ತದೆ. ಯಂತ್ರವನ್ನು ಆರಿಸಿ, ಪಿಚಕಾರಿಯಂಥ ರಬ್ಬರು ಉಂಡೆಯಿಂದ ಗಾಳಿ ಊದಿರಿ. ಇಯರ್‌ಫೋನಿನ ಮೊಳೆಯನ್ನು ಐದಾರು ಸಲ ಸಿಕ್ಕಿಸಿ ತೆಗೆಯಿರಿ. ಬಾಯಿಂದ ಊದಬೇಡಿರಿ, ಎಂಜಲಿನ ತೇವ ಒಳಗೆ ಹೋಗುವುದು. ಪಿನ್ನು, ಕಡ್ಡಿ ಹಾಕಿ ಕೆರೆಯಲೂ ಬಾರದು.

ಇನ್ನೊಂದು ಸಂಗತಿ ನಗು ಬರಿಸುವಂಥದು. ಊರ ಯುವಕ ಸಂಘದ ಬ್ಲೂಟೂತ್ ಸ್ಪೀಕರಿಗೆ ಒಮ್ಮೆ ಜೋಡಿಸಿದ್ದ ಲ್ಯಾಪ್‌ಟಾಪು, ಆ ಸ್ಪೀಕರನ್ನು ಪಕ್ಕದ ಮನೆಯಲ್ಲಿ ಯಾರಾದರೂ ಹಚ್ಚಿದ ಕೂಡಲೆ ತಾನಾಗಿ ಹೋಗಿ ಅದಕ್ಕೆ ಸೇರಿಕೊಳ್ಳಬಹುದು. ಇತ್ತ ನಿಮ್ಮ ಯಂತ್ರ ಮೂಕ, ಅತ್ತ ಪಕ್ಕದ ಮನೆಯಲ್ಲಿ ಗಣಿತದ ಪಾಠ! ಬ್ಲೂಟೂತನ್ನು ಆರಿಸಿ ನೋಡಿರಿ.

ಬ್ರೌಸರಿನಲ್ಲಿಯೂ ಬಾಯಿ ಮುಚ್ಚುವ ಜಾಗಗಳುಂಟು. ವೀಡಿಯೋದ ಕೆಳಗೆ ಒಂದು, ಮೇಲಿನ ಟ್ಯಾಬಿನಲ್ಲಿ ಒಂದು. ಬೇರೆ ಯಾವುದಾದರೂ ಹಾಡನ್ನು ಬೇರೆ ಕಾರ್ಯಕ್ರಮದಲ್ಲಿ ಹಾಕಿ ಕೇಳಿದರೆ, ತಪ್ಪು ಬ್ರೌಸರಿನದೋ ಯಂತ್ರದ್ದೋ ಗೊತ್ತಾಗುವುದು.

ನೀರುಗಂಟಿ ಯಾರ ಗದ್ದೆಗೆ ತಿರುಗಿಸಿದ್ದಾನೆ?

ಈಗ ಮುಖ್ಯವಾದ ಜಾಗಕ್ಕೆ ಬಂದೆವು. ಬಲಮೂಲೆಯ ಸ್ಪೀಕರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಸೌಂಡ್ ಸೆಟ್ಟಿಂಗ್ಸ್’ ಎಂಬುದನ್ನು ತೆರೆಯಿರಿ. ಅಲ್ಲಿ ‘ಔಟ್‌ಪುಟ್’ ಎಂಬ ಪುಟ ಉಂಟು. ಶಬ್ದ ಹೊರಗೆ ಹೋಗಬಹುದಾದ ದಾರಿಗಳ ಪಟ್ಟಿ ಅದರಲ್ಲಿ ಕಾಣುವುದು. ಒಂದು ಸಾಲಿನಲ್ಲಿ ‘ಸ್ಪೀಕರ್ಸ್’ ಎಂದಿರುತ್ತದೆ. ಇನ್ನೊಂದರಲ್ಲಿ ‘ಎಚ್‌ಡಿಎಂಐ’ ಎಂದಿರಬಹುದು. ಎಚ್‌ಡಿಎಂಐ ಎಂದರೆ ಟೀವಿಗೆ ಜೋಡಿಸುವ ಅಗಲ ಬಾಯಿಯ ತಂತಿಯ ದಾರಿ. ಆ ತಂತಿಯಲ್ಲಿ ಚಿತ್ರದ ಜೊತೆಗೆ ಶಬ್ದವೂ ಹೋಗುತ್ತದೆ.

ನಮ್ಮ ರೈತರ ಮನೆಯಲ್ಲಿ ಆಗಿದ್ದು ಇದೇ. ಹನಿ ನೀರಾವರಿಯ ಒಂದು ಚಿತ್ರವನ್ನು ನಾಲ್ಕು ಜನಕ್ಕೆ ತೋರಿಸೋಣವೆಂದು ಒಂದು ದಿನ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದ್ದರು. ಶಬ್ದ ಟೀವಿಯಲ್ಲಿ ಬರಲೆಂದು ಯಾರೋ ಔಟ್‌ಪುಟ್ಟನ್ನು ಎಚ್‌ಡಿಎಂಐಗೆ ಬದಲಾಯಿಸಿದರು. ಚಿತ್ರ ಮುಗಿಯಿತು, ತಂತಿಯನ್ನು ಕಿತ್ತರು. ನೀರುಗಂಟಿಗೆ ಮಾತ್ರ ಹಿಂದಿನ ದಾರಿಗೆ ತಿರುಗಿಸು ಎಂದು ಯಾರೂ ಹೇಳಲಿಲ್ಲ. ಎಷ್ಟೋ ಯಂತ್ರಗಳಲ್ಲಿ ತಂತಿ ಕಿತ್ತಾಗ ಅದು ತಾನಾಗಿ ಹಿಂದಕ್ಕೆ ಬರುವುದುಂಟು. ಇವರದರಲ್ಲಿ ಬರಲಿಲ್ಲ. ಅಂದಿನಿಂದ ಪಾಠದ ಶಬ್ದವೆಲ್ಲ ಇಲ್ಲದ ಟೀವಿಗೆ ಹೋಗುತ್ತಿತ್ತು. ‘ಸ್ಪೀಕರ್ಸ್’ ಎಂಬ ಸಾಲನ್ನು ಒಂದು ಸಲ ಒತ್ತಿದೆ. ‘ಟೆಸ್ಟ್’ ಎಂಬ ಗುಂಡಿಯಿಂದ ಎಡಕ್ಕೂ ಬಲಕ್ಕೂ ದನಿ ಕೇಳಿಸಿತು. ನೀಡಿದ ಕಾಫಿಯನ್ನು ಅವರು ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಆ ಹುಡುಗಿಯ ಹನ್ನೊಂದು ದಿನದ ಪಾಠ ಮಾತ್ರ ಹಿಂದೆ ಬಿದ್ದಿತು.

ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಲಿನಕ್ಸನ್ನು ಅವರು ನೋಡಿರಲಾರರು. ನೋಡದ ರೋಗಕ್ಕೆ ದೊಡ್ಡ ಔಷಧವನ್ನೇ ಬರೆಯುವ ಅಭ್ಯಾಸ ಎಲ್ಲ ಕಡೆಯೂ ಉಂಟು.

ಅದೇ ಕಿಟಕಿಯಲ್ಲಿ ‘ಅಪ್ಲಿಕೇಷನ್ಸ್’ ಎಂಬ ಪುಟವನ್ನೂ ನೋಡಿರಿ. ಶಬ್ದ ಮಾಡುತ್ತಿರುವ ಒಂದೊಂದು ಕಾರ್ಯಕ್ರಮಕ್ಕೂ ಅಲ್ಲಿ ಬೇರೆ ಬೇರೆ ತೂಬುಗಳಿವೆ. ಬ್ರೌಸರಿನದು ಮಾತ್ರ ಮುಚ್ಚಿರಬಹುದು. ಪಟ್ಟಿಯಲ್ಲಿ ‘ಸ್ಪೀಕರ್ಸ್’ ಎಂಬ ಸಾಲೇ ಕಾಣದೆ, ಎಚ್‌ಡಿಎಂಐ ಮಾತ್ರ ಕಂಡರೆ, ‘ಸಾಫ್ಟ್‌ವೇರ್ ಮ್ಯಾನೇಜರ್’ ತೆರೆದು ‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಎಂಬುದನ್ನು ಹಾಕಿಕೊಳ್ಳಿರಿ. ಹೆಸರು ಹಳೆಯ ನೀರುಗಂಟಿಯದಾದರೂ ಹೊಸಬನ ಜೊತೆಗೂ ಅದು ಕೆಲಸ ಮಾಡುತ್ತದೆ. ಅದರ ‘ಕಾನ್ಫಿಗರೇಷನ್’ ಪುಟದಲ್ಲಿ ಶಬ್ದದ ಚಿಪ್ಪಿನ ಎದುರಿಗೆ ‘ಆಫ್’ ಎಂದಿದ್ದರೆ, ಅದನ್ನು ‘ಅನಲಾಗ್ ಸ್ಟೀರಿಯೋ ಡ್ಯೂಪ್ಲೆಕ್ಸ್’ ಎಂಬುದಕ್ಕೆ ಬದಲಾಯಿಸಿರಿ.

ಕಪ್ಪು ಕಿಟಕಿಗೆ ಹೆದರಬೇಕಾಗಿಲ್ಲ

ಇಷ್ಟರಲ್ಲಿ ಬಗೆಹರಿಯದಿದ್ದರೆ ಕಾಲುವೆಗೆ ಇಳಿಯಬೇಕು. ಕಂಟ್ರೋಲ್, ಆಲ್ಟ್ ಎಂಬ ಎರಡು ಗುಂಡಿಗಳನ್ನು ಹಿಡಿದುಕೊಂಡು ಟಿ ಅಕ್ಷರವನ್ನು ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅದಕ್ಕೆ ಟರ್ಮಿನಲ್ ಎಂದು ಹೆಸರು. ಅಲ್ಲಿ ಮಾತನ್ನು ಅಕ್ಷರದಲ್ಲಿ ಬರೆದು ಯಂತ್ರಕ್ಕೆ ಹೇಳುತ್ತೇವೆ, ಅಷ್ಟೆ. ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಎ, ಎಲ್, ಎಸ್, ಎ, ಎಂ, ಐ, ಎಕ್ಸ್, ಇ, ಆರ್ ಎಂದು ಒಂಬತ್ತು ಅಕ್ಷರಗಳನ್ನು ಒತ್ತಿ, ಎಂಟರ್ ಒತ್ತಿರಿ. ಆಲ್ಸಾಮಿಕ್ಸರ್ ಎಂಬ ಹಲಗೆ ತೆರೆಯುವುದು.

ಮೊದಲು ಎಫ್6 ಒತ್ತಿರಿ. ಯಂತ್ರದಲ್ಲಿರುವ ಶಬ್ದದ ಚಿಪ್ಪುಗಳ ಹೆಸರು ಬರುತ್ತವೆ. ಬಾಣದ ಗುಂಡಿಯಿಂದ ‘ಎಚ್‌ಡಿಎ’ ಎಂದು ಪ್ರಾರಂಭವಾಗುವ, ಎಚ್‌ಡಿಎಂಐ ಎಂಬ ಮಾತು ಸೇರಿರದ ಸಾಲನ್ನು ಆರಿಸಿ ಎಂಟರ್ ಒತ್ತಿರಿ. ಈಗ ಪಕ್ಕಪಕ್ಕದಲ್ಲಿ ನಿಂತ ಕಂಬಗಳು ಕಾಣುತ್ತವೆ. ‘ಮಾಸ್ಟರ್’, ‘ಹೆಡ್‌ಫೋನ್’, ‘ಸ್ಪೀಕರ್’, ‘ಪಿಸಿಎಂ’ ಎಂದು ಕೆಳಗೆ ಹೆಸರಿರುತ್ತದೆ. ಇವೇ ತೂಬುಗಳು. ಕಂಬದ ಬುಡದಲ್ಲಿ ಎರಡು ಸೊನ್ನೆಯಂತೆ ಕಂಡರೆ ತೂಬು ತೆರೆದಿದೆ. ‘ಎಂ ಎಂ’ ಎಂದು ಎರಡು ಅಕ್ಷರ ಕಂಡರೆ ಮುಚ್ಚಿದೆ. ಎಡಬಲದ ಬಾಣಗಳಿಂದ ಆ ಕಂಬಕ್ಕೆ ಹೋಗಿ ಎಂ ಅಕ್ಷರವನ್ನು ಒಂದು ಸಲ ಒತ್ತಿದರೆ ತೆರೆದುಕೊಳ್ಳುವುದು. ಮೇಲಿನ ಬಾಣದಿಂದ ಕಂಬವನ್ನು ಏರಿಸಬಹುದು. ಮಾಸ್ಟರ್ ತೆರೆದಿದ್ದು ಸ್ಪೀಕರ್ ಮುಚ್ಚಿದ್ದರೂ ಶಬ್ದ ಬಾರದು. ದೊಡ್ಡ ತೂಬು ತೆಗೆದು ಗದ್ದೆಯ ಬಾಯಿ ಮುಚ್ಚಿದ ಹಾಗೆ.

ಬಲಗಡೆಗೆ ಸರಿಯುತ್ತ ಹೋದರೆ ಕೆಲವು ಯಂತ್ರಗಳಲ್ಲಿ ‘ಆಟೋ ಮ್ಯೂಟ್’ ಎಂಬ ಹೆಸರು ಸಿಗುವುದು. ಇಯರ್‌ಫೋನ್ ತೂತಿನ ತಗಡಿನ ಮಾತನ್ನು ಕೇಳಿ ಸ್ಪೀಕರನ್ನು ನಿಲ್ಲಿಸುವುದು ಇದೇ. ತೂತಿನ ತಗಡು ಕೆಟ್ಟು, ಧೂಳು ತೆಗೆದರೂ ಸರಿಹೋಗದಿದ್ದರೆ, ಬಾಣದಿಂದ ಇದನ್ನು ‘ಡಿಸೇಬಲ್ಡ್’ ಮಾಡಿರಿ. ಆಮೇಲೆ ಇಯರ್‌ಫೋನ್ ಹಾಕಿದರೂ ಸ್ಪೀಕರು ನಿಲ್ಲದಿರಬಹುದು. ರಾತ್ರಿ ಹೊತ್ತು ಮನೆಯವರ ನಿದ್ದೆ ಕೆಟ್ಟೀತು, ಅಷ್ಟೇ ತೊಂದರೆ. ಕೆಲಸ ಮುಗಿದ ಮೇಲೆ ಎಸ್ಕೇಪ್ ಒತ್ತಿ ಹೊರಗೆ ಬನ್ನಿರಿ. ಇಲ್ಲಿ ಏನನ್ನು ತಪ್ಪಾಗಿ ಏರಿಸಿ ಇಳಿಸಿದರೂ ಯಂತ್ರ ಕೆಡುವುದಿಲ್ಲ. ಮತ್ತೆ ಮೊದಲಿನಂತೆ ಮಾಡಿದರಾಯಿತು.

ಬೆದರುಬೊಂಬೆ ಕಂಡರೆ

ಔಟ್‌ಪುಟ್ ಪುಟದಲ್ಲಿ ಬೇರೇನೂ ಇಲ್ಲದೆ ‘ಡಮ್ಮಿ ಔಟ್‌ಪುಟ್’ ಎಂದು ಮಾತ್ರ ಇದ್ದರೆ ಆಗ ಸಂಗತಿ ಬೇರೆ. ಹೊಲದ ಬೆದರುಬೊಂಬೆ ದೂರಕ್ಕೆ ಆಳಿನಂತೆ ಕಾಣುತ್ತದೆ, ಕೂಗಿದರೆ ಓಗೊಡುವುದಿಲ್ಲ. ಹಾಗೆಯೇ ನೀರುಗಂಟಿಗೆ ನಿಜವಾದ ಯಾವ ದಾರಿಯೂ ಸಿಗದಾಗ ಕಣ್ಣೊರೆಸಲು ಇಟ್ಟ ಸುಳ್ಳು ದಾರಿ ಇದು. ಇಲ್ಲಿ ಶಬ್ದವನ್ನು ಏರಿಸಿ ಪ್ರಯೋಜನವಿಲ್ಲ.

ಕಪ್ಪು ಕಿಟಕಿಯಲ್ಲಿ ಎ, ಪಿ, ಎಲ್, ಎ, ವೈ ಎಂದು ಬರೆದು, ಒಂದು ಜಾಗ ಬಿಟ್ಟು, ಸಣ್ಣ ಅಡ್ಡಗೆರೆಯೊಂದನ್ನು ಹಾಕಿ, ಅದಕ್ಕೆ ತಗಲಿದಂತೆ ಚಿಕ್ಕ ಎಲ್ ಅಕ್ಷರವನ್ನು ಬರೆಯಿರಿ. ಅದು ಒಂದು ಎಂಬ ಅಂಕೆಯಲ್ಲ, ಎಲ್ ಎಂಬ ಅಕ್ಷರ. ಇಲ್ಲಿ ಬಹಳ ಜನ ಎಡವುತ್ತಾರೆ. ಉತ್ತರದಲ್ಲಿ ‘ಕಾರ್ಡ್ 0’ ಎಂಬಂಥ ಸಾಲುಗಳು ಬಂದರೆ ಲಿನಕ್ಸಿಗೆ ಚಿಪ್ಪು ಕಾಣಿಸಿದೆ, ತಡೆ ನೀರುಗಂಟಿಯಲ್ಲಿದೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದರೆ ಅವನು ಸರಿಹೋಗುವುದುಂಟು. ‘ನೋ ಸೌಂಡ್‌ಕಾರ್ಡ್ಸ್’ ಎಂದು ಬಂದರೆ ಚಿಪ್ಪನ್ನು ಲಿನಕ್ಸ್ ಗುರುತಿಸಿಲ್ಲ.

ಆಶ್ಚರ್ಯವೇನೆಂದರೆ, ಈ ತೊಂದರೆ ಹಳೆಯ ಯಂತ್ರಗಳಲ್ಲಿ ಕಡಿಮೆ, ಹೊಸ ಯಂತ್ರಗಳಲ್ಲಿ ಹೆಚ್ಚು. 2004ರಲ್ಲಿ ಇಂಟೆಲ್ ಕಂಪನಿಯು ಶಬ್ದದ ಚಿಪ್ಪುಗಳಿಗೆ ಒಂದು ಸಾಮಾನ್ಯ ಕ್ರಮವನ್ನು ಗೊತ್ತುಮಾಡಿತು. ಆಮೇಲೆ ಬಹಳ ವರ್ಷಗಳವರೆಗೆ ಲ್ಯಾಪ್‌ಟಾಪುಗಳು ಅದೇ ಕ್ರಮವನ್ನು ಅನುಸರಿಸಿದ್ದರಿಂದ ಲಿನಕ್ಸಿಗೆ ಅವು ಚೆನ್ನಾಗಿ ಪರಿಚಯ. ಈಚಿನ ಎಷ್ಟೋ ಯಂತ್ರಗಳಲ್ಲಿ ಚಿಪ್ಪಿನೊಳಗೇ ಇನ್ನೊಂದು ಸಣ್ಣ ಮಿದುಳು ಇದ್ದು, ಅದಕ್ಕೆ ಫರ್ಮ್‌ವೇರ್ ಎಂಬ ಪಾಠವನ್ನು ಚಾಲೂ ಆದಾಗಲೆಲ್ಲ ಹೇಳಿಕೊಡಬೇಕಾಗುವುದು. ಆ ಪಾಠ ಇಲ್ಲದಿದ್ದರೆ ಮೌನ. ಮಿಂಟಿನಲ್ಲಿ ಅದು ಸಾಮಾನ್ಯವಾಗಿ ಬಂದಿರುತ್ತದೆ. ಡೆಬಿಯನ್ ಎಂಬ ತಳಿಯನ್ನು ಹಾಕಿದವರಲ್ಲಿ, ಅದರಲ್ಲಿಯೂ 2023ಕ್ಕಿಂತ ಮುಂಚಿನ ಆವೃತ್ತಿಯವರಲ್ಲಿ, ಬಂದಿರದೆ ಇರಬಹುದು.

ಅಂಥವರೂ, ಹೊಸ ಯಂತ್ರದವರೂ ಮೊದಲು ‘ಅಪ್‌ಡೇಟ್ ಮ್ಯಾನೇಜರ್’ ತೆರೆದು ಬಾಕಿ ಇರುವ ನವೀಕರಣಗಳನ್ನೆಲ್ಲ ಹಾಕಿಕೊಳ್ಳಬೇಕು. ಮಿಂಟಿನಲ್ಲಿ ಅದರ ‘ವ್ಯೂ’ ಎಂಬ ಪಟ್ಟಿಯಲ್ಲಿ ‘ಲಿನಕ್ಸ್ ಕರ್ನಲ್ಸ್’ ಎಂದಿದೆ. ಕರ್ನಲ್ ಎಂದರೆ ಲಿನಕ್ಸಿನ ಗರ್ಭ. ಅಲ್ಲಿ ಹೊಸದು ಇದ್ದರೆ ಅದನ್ನು ಹಾಕಿ ನೋಡಬಹುದು. ಇದಕ್ಕೆ ವಿರುದ್ಧವಾದದ್ದೂ ಉಂಟು: ನಿನ್ನೆ ಚೆನ್ನಾಗಿದ್ದ ಶಬ್ದ ಇಂದು ನವೀಕರಣದ ಮೇಲೆ ಹೋಗಿರಬಹುದು. ಆಗ ಹಳೆಯ ಕರ್ನಲ್‌ನಿಂದಲೇ ಹಚ್ಚಿ ನೋಡಿರಿ. ಯಂತ್ರ ಹಚ್ಚಿದ ಕೂಡಲೆ ಎಸ್ಕೇಪ್ ಗುಂಡಿಯನ್ನು, ಬಹಳ ಹಳೆಯ ಯಂತ್ರವಾದರೆ ಶಿಫ್ಟ್ ಗುಂಡಿಯನ್ನು ಒತ್ತಿದರೆ ಒಂದು ಪಟ್ಟಿ ಬರುವುದು. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯದೂ ಇರುತ್ತದೆ. ಹೊಸ ತಳಿ ಹಾಕಿದರೂ ಹಳೆಯ ಬೀಜವನ್ನು ಪಣತದಲ್ಲಿ ಉಳಿಸಿಕೊಳ್ಳುವ ಬುದ್ಧಿ ಲಿನಕ್ಸಿಗೂ ಇದೆ.

ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸು ಬೇಗ ಏಳುವುದಕ್ಕಾಗಿ ಪೂರ್ತಿ ಮಲಗದೆ ಅರ್ಧ ನಿದ್ದೆಯಲ್ಲಿ ಇರುವುದುಂಟು. ಅದಕ್ಕೆ ‘ಫಾಸ್ಟ್ ಸ್ಟಾರ್ಟಪ್’ ಎಂದು ಹೆಸರು. ಆಗ ಶಬ್ದದ ಚಿಪ್ಪು ಅದರ ಹಿಡಿತದಲ್ಲಿಯೇ ಉಳಿದು ಲಿನಕ್ಸಿಗೆ ಓಗೊಡದಿರಬಹುದು. ವಿಂಡೋಸಿನಲ್ಲಿ ಅದನ್ನು ತೆಗೆದುಹಾಕಿ, ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಲಿನಕ್ಸನ್ನು ಹಚ್ಚಿರಿ.

ಯಾರೋ ಬರೆದದ್ದನ್ನು ಕಂಡು, ಅರ್ಥವಾಗದ ಉದ್ದುದ್ದ ಸಾಲುಗಳನ್ನು ಕಪ್ಪು ಕಿಟಕಿಗೆ ಸುರಿಯುವುದು ಮಾತ್ರ ಬೇಡ. ಹದಿನೈದು ವರ್ಷದ ಹಿಂದಿನ ಸಲಹೆಗಳು ಇನ್ನೂ ಓಡಾಡುತ್ತಿವೆ. ಪಲ್ಸ್‌ಆಡಿಯೋವನ್ನು ಕಿತ್ತುಹಾಕಿ ಎಂಬುದು ಅವುಗಳಲ್ಲೊಂದು. ಕೀಳಲು ಹೋದರೆ ಅದರ ಮೇಲೆ ನಿಂತಿರುವ ಪರದೆಯ ಅಂಗಗಳೂ ಜೊತೆಗೆ ಹೊರಡುವ ಅಪಾಯ ಉಂಟು; ಕಳೆ ಕೀಳುವಾಗ ಪೈರೂ ಬಂದಂತೆ. ಏನನ್ನಾದರೂ ತೆಗೆಯುವ ಮುಂಚೆ ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಯಂತ್ರವೇ ತೋರಿಸಿ ಒಪ್ಪಿಗೆ ಕೇಳುತ್ತದೆ. ಓದದೆ ಒಪ್ಪಬೇಡಿರಿ. ಮಿಂಟಿನಲ್ಲಿ ‘ಟೈಮ್‌ಶಿಫ್ಟ್’ ಎಂಬ ಉಪಕರಣವಿದೆ. ಪ್ರಯೋಗಕ್ಕೆ ಮೊದಲು ಅದರಿಂದ ಒಂದು ಪ್ರತಿ ತೆಗೆದಿಟ್ಟರೆ, ಕೆಟ್ಟಾಗ ಹಿಂದಿನ ದಿನಕ್ಕೆ ಮರಳಬಹುದು.

ಶಬ್ದ ಬರುತ್ತದೆ, ಆದರೆ ಗುಂಯ್ ಎಂದು ಹಮ್ಮುತ್ತದೆ ಎನ್ನುವವರು ಚಾರ್ಜರನ್ನು ಕಿತ್ತು ಕೇಳಿರಿ. ಕಿತ್ತಾಗ ಹಮ್ಮು ನಿಂತರೆ ದೋಷ ಲಿನಕ್ಸಿನದಲ್ಲ, ಬಹುಮಟ್ಟಿಗೆ ಮನೆಯ ವಿದ್ಯುತ್ತಿನದು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿನ ಪಟ್ಟಿಗೆ ಹೇಗೋ ಸಿಕ್ಕಿಸಿರುತ್ತೇವೆ; ಅಥವಾ ಮನೆಯ ಅರ್ತಿಂಗ್ ಗುಂಡಿ ಬೇಸಗೆಯಲ್ಲಿ ಒಣಗಿರುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ಮೆನ್ನುವುದೂ ಇದರಿಂದಲೇ. ತಿಳಿದ ವೈರ್‌ಮನ್‌ನಿಂದ ಗುಂಡಿಯನ್ನು ಪರೀಕ್ಷೆ ಮಾಡಿಸಿರಿ. ಉಪ್ಪು ಇದ್ದಿಲು ಹಾಕಿ ನೀರು ಹೊಯ್ಯುವ ಕೆಲಸ ಶಬ್ದಕ್ಕಾಗಿ ಮಾತ್ರವಲ್ಲ, ಮನೆಯ ಜನರ ಜೀವಕ್ಕಾಗಿಯೂ ಆಗಬೇಕಾದದ್ದು. ಪಂಪ್‌ಸೆಟ್ಟಿನ ಅರ್ತಿಂಗನ್ನೂ ಅದೇ ದಿನ ನೋಡಿಸಿಬಿಡಿರಿ.

ಮೈಕು ಕೆಲಸ ಮಾಡದಿದ್ದರೆ ‘ಇನ್‌ಪುಟ್’ ಎಂಬ ಪುಟವನ್ನು ನೋಡಿರಿ. ಮಾತಾಡಿದಾಗ ಅಲ್ಲಿಯ ಪಟ್ಟಿ ಕುಣಿದರೆ ಮೈಕು ಸರಿಯಾಗಿದೆ, ಬ್ರೌಸರಿಗೆ ಒಪ್ಪಿಗೆ ಕೊಟ್ಟಿಲ್ಲವೆಂದು ತಿಳಿಯಿರಿ. ಕುಣಿಯದಿದ್ದರೆ ಆಲ್ಸಾಮಿಕ್ಸರಿನಲ್ಲಿ ಎಫ್4 ಒತ್ತಿ ‘ಕ್ಯಾಪ್ಚರ್’ ಎಂಬ ಕಂಬವನ್ನು ಸ್ಪೇಸ್ ಗುಂಡಿಯಿಂದ ತೆರೆಯಬೇಕು.

ಎಲ್ಲ ಮಾಡಿದರೂ ಮೌನವಾಗಿದ್ದರೆ, ಎತ್ತಿಟ್ಟ ಆ ಪೆನ್‌ಡ್ರೈವನ್ನು ತೆಗೆಯಿರಿ. ಅದರಿಂದ ಹಚ್ಚಿದಾಗ ಶಬ್ದ ಬಂದರೆ ಯಂತ್ರ ಗಟ್ಟಿಯಾಗಿದೆ, ತಪ್ಪು ನಿಮ್ಮ ಸಿದ್ಧತೆಯಲ್ಲಿದೆ. ಅದರಲ್ಲಿಯೂ ಬಾರದೆ, ವಿಂಡೋಸ್ ಇದ್ದರೆ ಅದರಲ್ಲಿಯೂ ಬಾರದೆ ಹೋದರೆ, ಚಿಪ್ಪೋ ಸ್ಪೀಕರೋ ನಿಜವಾಗಿ ಹೋಗಿರುವ ಸಂಭವ ಹೆಚ್ಚು. ಇಯರ್‌ಫೋನಿನಲ್ಲಿ ಕೇಳುತ್ತಿದ್ದರೆ ಹೋದದ್ದು ಸ್ಪೀಕರು ಮಾತ್ರ. ಅದನ್ನು ಬದಲಾಯಿಸುವುದು ದೊಡ್ಡ ಖರ್ಚಲ್ಲ. ಎರಡರಲ್ಲಿಯೂ ಇಲ್ಲವೆಂದರೂ ಬೋರ್ಡಿಗೆ ಕೈಹಾಕುವ ಮೊದಲು, ಯುಎಸ್‌ಬಿ ತೂತಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಶಬ್ದದ ಉಪಕರಣವನ್ನು ತಂದು ನೋಡಿರಿ. ಕೆಲವು ನೂರು ರೂಪಾಯಿಗೆ ಸಿಗುವುದು. ಲಿನಕ್ಸಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಸಿಕ್ಕಿಸಿದ ಕೂಡಲೆ ಔಟ್‌ಪುಟ್ ಪಟ್ಟಿಯಲ್ಲಿ ಅದರ ಹೆಸರು ಬರುವುದು. ಅದಕ್ಕೆ ಇಯರ್‌ಫೋನನ್ನೋ ಚಿಕ್ಕ ಸ್ಪೀಕರನ್ನೋ ಜೋಡಿಸಿಕೊಂಡರೆ ಪಾಠ ನಿಲ್ಲುವುದಿಲ್ಲ.

ಬೇರೆಯವರನ್ನು ಕೇಳುವಾಗ ಬರಿಗೈಯಲ್ಲಿ ಹೋಗಬೇಡಿರಿ. ಕಪ್ಪು ಕಿಟಕಿಯಲ್ಲಿ ಐ, ಎನ್, ಎಕ್ಸ್, ಐ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ದೊಡ್ಡ ಎ ಅಕ್ಷರವನ್ನು ಬರೆದು ಎಂಟರ್ ಒತ್ತಿರಿ. ಚಿಪ್ಪಿನ ಹೆಸರು, ಅದನ್ನು ನಡೆಸುವ ತಂತ್ರಾಂಶ, ನೀರುಗಂಟಿ ಯಾರು ಎಂಬುದೆಲ್ಲ ನಾಲ್ಕೈದು ಸಾಲಿನಲ್ಲಿ ಬರುವುದು. ಅದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ಶಬ್ದ ಯಾವ ದಿನ ನಿಂತಿತು, ಅದರ ಹಿಂದಿನ ದಿನ ಯಂತ್ರಕ್ಕೆ ಏನನ್ನು ಜೋಡಿಸಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ನಮ್ಮ ರೈತರ ಮನೆಯಲ್ಲಿ ಟೀವಿಯ ಸಂಗತಿ ನೆನಪಾದದ್ದು ಆ ಹುಡುಗಿಗೆ; ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.